ಅಪ್ಪ ಡಿಸ್ಚಾರ್ಜ್ ಆಗಿ ಆರು ತಿಂಗಳಾಯ್ತು, ಮೆಡಿಕಲ್ ಕಾಲೇಜಿನವರು ಇನ್ನೂ ಯಾಕೆ ಫೋನ್ ಮಾಡ್ತಾರೆ?

ಪ್ರಶ್ನೆ (ಪಾಂಡವಪುರ ಕಡೆಯ ಸದಸ್ಯರು):
ಮೇಡಂ, ನಮಸ್ಕಾರ. ನಮ್ಮ ಅಪ್ಪನಿಗೆ 64 ವರ್ಷ. ಆರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿದೆವು. ಈಗ ಆರಾಮಾಗಿದ್ದಾರೆ, ಗದ್ದೆ ಕಡೆಗೂ ಹೋಗಿ ಬರುತ್ತಾರೆ. ಡಿಸ್ಚಾರ್ಜ್ ದಿನ ಒಬ್ಬ ಹುಡುಗ ಬಂದು ಯಾವುದೋ ಫಾರಂಗೆ ಸಹಿ ಹಾಕಿಸಿಕೊಂಡ. ಬಿಲ್ಲು, ಔಷಧಿ ಅಂತ ಓಡಾಟದಲ್ಲಿ ನಾನು ಓದಲಿಲ್ಲ. ಆಮೇಲೆ ಎರಡು ಸಲ ಫೋನ್ ಬಂದಿದೆ. ಮಾತ್ರೆ ತಗೋತಾರಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ, ಬೀಡಿ ಬಿಟ್ಟರಾ ಅಂತ ಕೇಳುತ್ತಾರೆ. 'ಎಲ್ಲಾ ಚೆನ್ನಾಗಿದೆ' ಅಂತ ನಾನೇ ಹೇಳಿ ಇಟ್ಟುಬಿಡುತ್ತೇನೆ. ನಮ್ಮ ಚಿಕ್ಕಪ್ಪ 'ಇಲಿ ಮೇಲೆ ಮಾಡ್ದಂಗೆ ಪ್ರಯೋಗ ಮಾಡ್ತಾವ್ರೆ ಕಣೋ' ಅಂತ ಹೆದರಿಸುತ್ತಾರೆ. ನಿಜವಾ?

ಉತ್ತರ (ಡಾಕ್ಟರ್ ಮೇಡಂ, ಕಮ್ಯುನಿಟಿ ಮೆಡಿಸಿನ್ ವಿಭಾಗ):
ಚಿಕ್ಕಪ್ಪನಿಗೆ ಮೊದಲು ಸಮಾಧಾನ ಹೇಳಿ. ನೀವು ಬರೆದದ್ದು ನೋಡಿದರೆ ಇದು ಹೊಸ ಔಷಧಿಯ ಪ್ರಯೋಗದ ಥರ ಕಾಣುವುದಿಲ್ಲ. ಚಿಕಿತ್ಸೆ ಏನು ಕೊಡಬೇಕೋ ಕೊಟ್ಟಾಗಿದೆ, ಆಮೇಲೆ ರೋಗಿ ಹೇಗಿದ್ದಾರೆ ಅಂತ ವಿಚಾರಿಸುತ್ತಿದ್ದಾರೆ. ಫೋನ್ ಮಾಡುವ ಹುಡುಗ ಬಹುಶಃ ಎಂ.ಡಿ. ಓದುತ್ತಿರುವವನು. ಥೀಸಿಸ್, ಅಂದರೆ ಒಂದು ಸಂಶೋಧನಾ ಪ್ರಬಂಧ, ಬರೆಯದೆ ಅವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ.

ಆದರೆ ಡಿಗ್ರಿಗಾಗಿ ಮಾಡುವ ಕೆಲಸ ಅಂತ ಸುಮ್ನೆ ತಳ್ಳಿಹಾಕಬೇಡಿ. ಆಸ್ಪತ್ರೆಯ ಫೈಲು ಎಲ್ಲಿಗೆ ನಿಲ್ಲುತ್ತದೆ ಗೊತ್ತಾ? ಡಿಸ್ಚಾರ್ಜ್ ದಿನಕ್ಕೆ. 'ರೋಗಿ ಸುಧಾರಿಸಿದ್ದಾರೆ' ಅಂತ ಬರೆದು ಸಹಿ ಹಾಕಿದರೆ ಮುಗಿಯಿತು. ಅವರು ಊರಿಗೆ ಹೋಗಿ ಏನಾದರು, ಬದುಕಿದರಾ, ಮತ್ತೆ ಅಟ್ಯಾಕ್ ಆಯ್ತಾ ಅನ್ನುವುದು ಆ ಫೈಲಿಗೆ ಗೊತ್ತೇ ಇರುವುದಿಲ್ಲ. ಚಿಕಿತ್ಸೆ ಗೆದ್ದಿತಾ ಸೋತಿತಾ ಅಂತ ತಿಳಿಯುವುದು ಮನೆಯಲ್ಲಿ, ವಾರ್ಡಿನಲ್ಲಿ ಅಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ಪಿ.ಜಿ. ಓದುವಾಗ ನನ್ನ ಥೀಸಿಸ್ ಬಿ.ಪಿ. ರೋಗಿಗಳ ಮೇಲೆ. ತಿಂಗಳು ತಿಂಗಳು ಓ.ಪಿ.ಡಿ.ಗೆ ಬಂದವರ ಲೆಕ್ಕವೆಲ್ಲ ಬಹಳ ಚೆನ್ನಾಗಿತ್ತು. ನಮ್ಮ ಗೈಡ್ ಪಟ್ಟಿ ನೋಡಿ ಒಂದೇ ಮಾತು ಕೇಳಿದರು: 'ಬರದೇ ಇದ್ದವರು ಎಲ್ಲಮ್ಮ?' ನಾನು 'ಡ್ರಾಪ್‌ಔಟ್ ಸರ್' ಅಂದೆ. ಬಸ್ ಹತ್ತು ಅಂದರು.

ಮದ್ದೂರು ಕಡೆಯ ಒಂದು ಹಳ್ಳಿ. ಮೊದಲನೇ ಮನೆಯ ಜಗಲಿ ಮೇಲೆ ತಾತ ಕೂತಿದ್ದರು. ಮಾತ್ರೆ ಎಲ್ಲಿ ತಾತ ಅಂದರೆ ಒಳಗಿಂದ ಸ್ಟೀಲ್ ಡಬ್ಬಿ ತರಿಸಿದರು. ಮೂರು ತಿಂಗಳ ಮಾತ್ರೆ, ಎರಡೋ ಮೂರೋ ಖಾಲಿಯಾಗಿತ್ತು ಅಷ್ಟೆ. 'ತಲೆ ಸುತ್ತಿದಾಗ ಒಂದ್ ನುಂಗ್ತೀನಿ ಕಣವ್ವ, ಸುಮ್ಸುಮ್ನೆ ಯಾಕೆ ಖರ್ಚು ಮಾಡ್ಲಿ' ಅಂದರು. ಬಿ.ಪಿ. ಮಾತ್ರೆ ದಿನಾ ನುಂಗಬೇಕು ಅಂತ ಅವರಿಗೆ ಅರ್ಥವಾಗುವ ಹಾಗೆ ನಾವ್ಯಾರೂ ಹೇಳಿರಲಿಲ್ಲ. ಎರಡನೇ ಮನೆಯಲ್ಲಿ ನಾನು ಹುಡುಕಿ ಹೋದವರ ಫೋಟೋ ಗೋಡೆ ಮೇಲಿತ್ತು, ಹಾರ ಹಾಕಿತ್ತು. ಲಕ್ವ ಹೊಡೆದು ತೀರಿಕೊಂಡಿದ್ದರು. ನನ್ನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಬಂದಿಲ್ಲ' ಅಂತಷ್ಟೇ ಇತ್ತು.

ಬಂದವರನ್ನು ಮಾತ್ರ ಎಣಿಸಿದರೆ ನಮ್ಮ ಚಿಕಿತ್ಸೆ ಯಾವಾಗಲೂ ಬಹಳ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಈ ಫೋನು.

ಇನ್ನು ಆ ಫಾರಂ ವಿಷಯ. ಓದದೆ ಸಹಿ ಹಾಕಿಸಿಕೊಂಡದ್ದು ತಪ್ಪು, ಅದು ನಮ್ಮವರದೇ ತಪ್ಪು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲಿ ಎಲ್ಲ ವಿವರಿಸಬೇಕು, ಯೋಚನೆ ಮಾಡಲು ಸಮಯ ಕೊಡಬೇಕು. ಓದು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು. ಅಧ್ಯಯನಕ್ಕೆ ಕಾಲೇಜಿನ ಎಥಿಕ್ಸ್ ಕಮಿಟಿಯ, ಅಂದರೆ ರೋಗಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ಸಮಿತಿಯ, ಒಪ್ಪಿಗೆ ಇರಬೇಕು. ಮುಂದಿನ ಸಲ ಫೋನ್ ಬಂದಾಗ 'ಆ ಫಾರಂನ ಕನ್ನಡ ಪ್ರತಿ ಕಳಿಸಪ್ಪ' ಅಂತ ಧೈರ್ಯವಾಗಿ ಕೇಳಿ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟರು ಅಂತ ಅಪ್ಪನ ಚಿಕಿತ್ಸೆಯಲ್ಲಿ ಒಂದು ಚೂರೂ ಕಡಿಮೆ ಮಾಡುವಂತಿಲ್ಲ.

ಪ್ರಶ್ನೆ (ಮೈಸೂರು, ಕುವೆಂಪುನಗರದ ಸದಸ್ಯೆ):
ಇದೇ ಮಾತಿಗೆ ನನ್ನದೊಂದು. ನಮ್ಮ ಅತ್ತೆಯನ್ನು ಟೀಚಿಂಗ್ ಆಸ್ಪತ್ರೆಗೆ ಸೇರಿಸಿದ್ದೆವು. ಬೆಳಿಗ್ಗೆ ಆದರೆ ಸಾಕು, ಹಾಸಿಗೆ ಸುತ್ತ ಹತ್ತು ಹನ್ನೆರಡು ಜನ ಹುಡುಗ ಹುಡುಗಿಯರು. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಒತ್ತಿ ನೋಡುವುದು, ಅದೇ ಪ್ರಶ್ನೆ ಕೇಳುವುದು. ಅತ್ತೆಗೆ ತುಂಬಾ ಮುಜುಗರ. ಈಗ ಗೊಂಬೆ, ವೀಡಿಯೋ ಎಲ್ಲ ಇದೆಯಲ್ಲ, ಅದರಲ್ಲಿ ಕಲಿಯಬಾರದಾ?

ಉತ್ತರ:
ಮುಜುಗರ ಆಗುತ್ತೆ, ಒಪ್ಪುತ್ತೇನೆ. ನಿಮ್ಮ ಅತ್ತೆ 'ಬೇಡ' ಅನ್ನಬಹುದು. 'ಇಬ್ಬರು ಸಾಕು', 'ಹೆಣ್ಣುಮಕ್ಕಳು ಮಾತ್ರ ನೋಡಲಿ', 'ಪರದೆ ಎಳೆಯಿರಿ' ಅಂತ ಹೇಳುವ ಹಕ್ಕೂ ಇದೆ. ಕೇಳದೆ ಮುಟ್ಟುವ ವಿದ್ಯಾರ್ಥಿಯನ್ನು ನಾನಂತೂ ಕ್ಲಿನಿಕ್‌ನಿಂದ ಆಚೆ ಕಳಿಸಿದ್ದೇನೆ.

ಗೊಂಬೆಯಲ್ಲಿ ಸೂಜಿ ಚುಚ್ಚುವುದು, ಎದೆ ಒತ್ತಿ ಜೀವ ಉಳಿಸುವುದು ಎಲ್ಲ ಕಲಿಯಬಹುದು. ಕಲಿಸುತ್ತಿದ್ದೇವೆ ಕೂಡ. ಆದರೆ ಗೊಂಬೆ ಮಾತಾಡುವುದಿಲ್ಲವಲ್ಲ. ಹೊರ ರಾಜ್ಯದಿಂದ ಬಂದ ಹುಡುಗನೊಬ್ಬ ಕಷ್ಟಪಟ್ಟು ಕನ್ನಡ ಕಲಿತು, ನಾಗಮಂಗಲದ ಅಜ್ಜಿಯೊಬ್ಬರನ್ನು 'ಎದೆ ನೋವು ಇದೆಯಾ' ಅಂತ ಕೇಳಿದ. ಅಜ್ಜಿ 'ಇಲ್ಲ ಮಗ' ಅಂದರು. ಅವನು ಎದೆನೋವು ಇಲ್ಲ ಅಂತ ಬರೆದುಕೊಂಡ. ನಾನು ಪಕ್ಕದಲ್ಲಿ ಕೂತು 'ಏನಾಗ್ತದವ್ವ' ಅಂದೆ. 'ನೋವೇನಿಲ್ಲ, ಸಂಕಟ ಕಣವ್ವ. ಎದೆ ಮ್ಯಾಲೆ ಬಂಡೆ ಇಟ್ಟಂಗೆ ಆಯ್ತದೆ, ಬೆವರು ಕಿತ್ಕೊಂಡ್ ಬತ್ತದೆ' ಅಂದರು. ಇ.ಸಿ.ಜಿ. ತೆಗೆದರೆ ಅಟ್ಯಾಕ್. 'ಸಂಕಟ' ಅನ್ನುವ ಪದ ಅವನ ಇಂಗ್ಲಿಷ್ ಪುಸ್ತಕದಲ್ಲಿ ಎಲ್ಲಿದೆ ಹೇಳಿ? ಆ ಹುಡುಗ ಇನ್ನು ಜೀವನದಲ್ಲಿ ಆ ಪದ ಮರೆಯುವುದಿಲ್ಲ.

(ಈ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಸಂಕಟ, ಬೆವರು ಎರಡೂ ಒಟ್ಟಿಗೆ ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿ.)

ಪ್ರಶ್ನೆ (ಮಂಡ್ಯದ ಸದಸ್ಯರು):
ಎಲ್ಲ ಸರಿ ಮೇಡಂ. ರಕ್ತ ಕೊಟ್ಟು, ಪ್ರಶ್ನೆಗೆ ಉತ್ತರ ಹೇಳಿ ನಮಗೇನು ಬಂತು? ಥೀಸಿಸ್ ಬೀರು ಸೇರುತ್ತೆ, ಡಾಕ್ಟ್ರು ಫಾರಿನ್‌ಗೆ ಹೋಗ್ತಾರೆ.

ಉತ್ತರ:
ಬೀರು ಸೇರುವುದು ಸುಳ್ಳಲ್ಲ. ನನ್ನದೂ ಅಲ್ಲೇ ಇದೆ. ಆದರೆ ಎಲ್ಲವೂ ಹಾಗಲ್ಲ. ಮೈಸೂರಿನದೇ ಒಂದು ಉದಾಹರಣೆ ಹೇಳುತ್ತೇನೆ, ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬವೂ ಇದೆ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ನಮ್ಮ ಹಿರಿಯರ ಮಿಷನ್ ಆಸ್ಪತ್ರೆ, ಗೊತ್ತಲ್ವಾ? ಅಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಹೆರಿಗೆ ಮುಗಿಸಿ, ಮಗು ತೊಳೆದು, ತಕ್ಕಡಿಗೆ ಹಾಕಿ, ದಪ್ಪ ಪುಸ್ತಕದಲ್ಲಿ ಒಂದು ಸಾಲು. ಆ ಸಾಲು ಮುಂದೆ ಯಾತಕ್ಕೆ ಬರುತ್ತೆ ಅಂತ ಬರೆದ ನರ್ಸಮ್ಮನಿಗೆ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಇಲ್ಲಿನ ವೈದ್ಯರ ಜೊತೆ ಸೇರಿ ಆ ಪುಸ್ತಕ ತೆರೆಯಿತು. ಮನೆ ಮನೆ ತಿರುಗಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ್ದ 517 ಜನರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ. 3.1 ಕೆ.ಜಿ. ಮತ್ತು ಅದಕ್ಕಿಂತ ಜಾಸ್ತಿ ಇದ್ದವರಲ್ಲಿ ನೂರಕ್ಕೆ 3. ಬಸುರಿಯ ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಅದರ ಲೆಕ್ಕ ಮಗುವಿನ ಐವತ್ತನೇ ವಯಸ್ಸಿನಲ್ಲೂ ಬರಬಹುದು ಅನ್ನುವ ಅನುಮಾನಕ್ಕೆ ನಮ್ಮ ಮೈಸೂರಿನ ಪುಸ್ತಕ ದೊಡ್ಡ ಬಲ ಕೊಟ್ಟಿತು.

ಸಕ್ಕರೆ ಕಾಯಿಲೆಯಲ್ಲಿ ಮಾತ್ರ ಲೆಕ್ಕ ಬೇರೆ ಬಂತು. ಹುಟ್ಟುವಾಗ ಉದ್ದ ಕಡಿಮೆ, ಮೈ ದಪ್ಪ ಇದ್ದವರಲ್ಲಿ, ತಾಯಿ ತೂಕವಾಗಿದ್ದವರಲ್ಲಿ ಅದು ಜಾಸ್ತಿ. ಹಾಗಾದರೆ ಆ ತಾಯಂದಿರಿಗೆ ಬಸುರಿನಲ್ಲೇ ಶುಗರ್ ಇತ್ತಾ ಅನ್ನುವ ಪ್ರಶ್ನೆ ಎದ್ದಿತು. ಅದನ್ನು ತಿಳಿಯಲು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಬಸುರಿಯರನ್ನೇ ಸೇರಿಸಿಕೊಂಡು ಪಾರ್ಥೆನಾನ್ ಅನ್ನುವ ಹೆಸರಿನ ಅಧ್ಯಯನ ಶುರು ಮಾಡಿದರು. ನೂರಕ್ಕೆ ಸುಮಾರು 6 ಜನರಿಗೆ ಬಸುರಿನ ಶುಗರ್ ಸಿಕ್ಕಿತು. ಆ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಚಿಕ್ಕ ವಯಸ್ಸಿಗೇ ಮೈ ಕೊಬ್ಬು ಜಾಸ್ತಿ ಕಂಡಿತು.

ಕಡಿಮೆ ತೂಕ ಹುಟ್ಟಿದವರೆಲ್ಲ ಹೆದರಬೇಕಿಲ್ಲ. ನೂರಕ್ಕೆ 11 ಅಂದರೆ 89 ಜನರಿಗೆ ಹೃದಯದ ಕಾಯಿಲೆ ಇರಲಿಲ್ಲ ಅಂತಲೇ ಅರ್ಥ.

ಪ್ರತಿಕ್ರಿಯೆ (ಮೈಸೂರು, ತಿಲಕ್‌ನಗರದ ಸದಸ್ಯರು):
ಅಯ್ಯೋ, ನಮ್ಮ ತಂದೆ ಹುಟ್ಟಿದ್ದು 1951ರಲ್ಲಿ, ಅದೇ ಮಿಷನ್ ಆಸ್ಪತ್ರೆಯಲ್ಲಿ! ಯಾರೋ ಬಂದು ಸೊಂಟದ ಅಳತೆ ತೆಗೆದುಕೊಂಡು ಹೋದರು ಅಂತ ಅಜ್ಜಿ ಬೈಯುತ್ತಿದ್ದರು. ಟೈಲರ್ ಅಂದ್ಕೊಂಡಿದ್ದರಂತೆ.

ಉತ್ತರ:
ಅಜ್ಜಿಗೆ ನಮ್ಮ ಕಡೆಯಿಂದ ಒಂದು ಸೀರೆ ಬಾಕಿ ಇದೆ ಅಂದ್ಕೊಳ್ಳಿ.

ಪ್ರಶ್ನೆ (ಶ್ರೀರಂಗಪಟ್ಟಣದ ಸದಸ್ಯರು):
ನನ್ನ ಹೆಂಡತಿಗೆ ಈಗ ಆರು ತಿಂಗಳು. ಮಗು ದಪ್ಪ ಇದ್ದರೆ ಒಳ್ಳೇದು ಅಂತ ನಮ್ಮಮ್ಮ ದಿನಾ ತುಪ್ಪ, ಸಿಹಿ ತಿನ್ನಿಸುತ್ತಿದ್ದಾರೆ. ಶುಗರ್ ಟೆಸ್ಟ್ ಮಾಡಿಸಬೇಕಾ?

ಉತ್ತರ:
ಮಾಡಿಸಲೇಬೇಕು. ಮೊದಲ ಭೇಟಿಯಲ್ಲಿ ಒಂದು ಸಲ, 24ರಿಂದ 28 ವಾರದೊಳಗೆ ಇನ್ನೊಂದು ಸಲ. ನಿಮ್ಮವರಿಗೆ ಈಗ ಸರಿಯಾದ ಸಮಯ. ಸರ್ಕಾರಿ ಆಸ್ಪತ್ರೆಯಲ್ಲಿ 75 ಗ್ರಾಂ ಗ್ಲೂಕೋಸ್ ನೀರಿಗೆ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. ಹೊಟ್ಟೆ ಖಾಲಿ ಇರಬೇಕು ಅಂತಿಲ್ಲ. 140 ಅಥವಾ ಮೇಲೆ ಬಂದರೆ ಮೊದಲು ಊಟದ ಪಥ್ಯ, ಅದಕ್ಕೂ ಬಗ್ಗದಿದ್ದರೆ ಔಷಧಿ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ: ಸಿಹಿ ಬದಲು ಮೊಟ್ಟೆ, ಹಾಲು, ಮೊಸರು, ಕಾಳು ಕೊಡಲಿ. ಪಾರ್ಥೆನಾನ್‌ನ ಬಸುರಿಯರಲ್ಲಿ ನೂರಕ್ಕೆ 43 ಜನರಿಗೆ ವಿಟಮಿನ್ ಬಿ12 ಕಡಿಮೆ ಇತ್ತು. ಮುದ್ದೆ, ಸೊಪ್ಪಿನ ಸಾರು ಎಷ್ಟು ಉಂಡರೂ ಬಿ12 ಸಿಗುವುದಿಲ್ಲ.

ಪಾಂಡವಪುರದ ಸದಸ್ಯರು, ಮಾರನೇ ದಿನ:
ಮೇಡಂ, ನಿಮ್ಮ ಸ್ಟೀಲ್ ಡಬ್ಬಿ ಕಥೆ ಓದಿ ರಾತ್ರಿ ಅಪ್ಪನ ಹತ್ತಿರ ಕೂತು ಆ ಹುಡುಗ ಕೇಳಿದ್ದ ಪ್ರಶ್ನೆಗಳನ್ನೇ ಕೇಳಿದೆ. ರಕ್ತ ತೆಳುವಾಗುವ ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಗಿದೆಯಂತೆ. ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬಂತು ಅಂತ ಬಿಟ್ಟರಂತೆ. ನಾನು ಫೋನಲ್ಲಿ ಎಲ್ಲಾ ಚೆನ್ನಾಗಿದೆ ಅಂದಿದ್ದು ಹೋದ ವಾರ.

ಉತ್ತರ:
ಅಣ್ಣ, ನಾಳೆ ನೋಡೋಣ ಅನ್ನಬೇಡಿ. ಸ್ಟೆಂಟ್ ಹಾಕಿ ಆರೇ ತಿಂಗಳು, ಆ ಮಾತ್ರೆ ನಿಂತರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ನೀವಾಗಿಯೇ ಡೋಸ್ ಲೆಕ್ಕ ಹಾಕಿ ಕೊಡಲು ಹೋಗಬೇಡಿ. ಡಿಸ್ಚಾರ್ಜ್ ಚೀಟಿ, ಮಾತ್ರೆ ಎಲ್ಲ ತಗೊಂಡು ಇವತ್ತೇ ಸ್ಟೆಂಟ್ ಹಾಕಿದ ಕಡೆಗೇ ಕರ್ಕೊಂಡು ಹೋಗಿ. ವಸಡಿನ ರಕ್ತದ ವಿಷಯವನ್ನೂ ಹೇಳಿ, ಅದಕ್ಕೂ ದಾರಿ ಇದೆ. ದಾರಿಯಲ್ಲಿ ಆ ಥೀಸಿಸ್ ಹುಡುಗನಿಗೆ ಒಂದು ಫೋನ್ ಹಾಕಿ, ಓ.ಪಿ.ಡಿ.ಯಲ್ಲಿ ಅವನೇ ಸಿಗಬಹುದು.

ಪಾಂಡವಪುರದ ಸದಸ್ಯರು:
ಹೊರಟಿದ್ದೇವೆ ಮೇಡಂ. ಚಿಕ್ಕಪ್ಪನೇ ಕಾರು ಓಡಿಸುತ್ತಿದ್ದಾರೆ.