450 ಅಳತೆಯ ರಿಮೋಟ್ ಹೆಲಿಕಾಪ್ಟರ್: ನೆಲ ಬಿಡುವ ಮೊದಲೇ ಮೂತಿ ಎಡಕ್ಕೆ ಸುತ್ತುತ್ತಿದೆ

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಹಾರಿಸುವುದನ್ನು ಕಲಿಯಲೆಂದು, ಬೇರೆಯವರು ಬಳಸಿದ್ದ ರಿಮೋಟ್ ಹೆಲಿಕಾಪ್ಟರ್ ಒಂದನ್ನು ಕೊಂಡಿದ್ದೇನೆ. 325 ಮಿ.ಮೀ. ಬ್ಲೇಡು, ಮೂರು ಸೆಲ್‌ಗಳ 2200 ಎಂಎಎಚ್ ಲಿಪೊ ಬ್ಯಾಟರಿ, ಬಾಲದ ಬ್ಲೇಡುಗಳನ್ನು ತಿರುಗಿಸಲು ಬೆಲ್ಟ್. ಹಳೆಯ ಬೆಲ್ಟ್ ಸವೆದಿತ್ತೆಂದು ಮಾರಿದವರೇ ಹೊಸದು ಹಾಕಿ ಕೊಟ್ಟರು. ಸಿಮ್ಯುಲೇಟರಿನಲ್ಲಿ ಬಾಲವನ್ನು ನನ್ನ ಕಡೆಗಿಟ್ಟುಕೊಂಡು ಒಂದೇ ಜಾಗದಲ್ಲಿ ನಿಲ್ಲಿಸುವಷ್ಟು ಕೈ ಪಳಗಿದೆ.

ಆದರೆ ಗದ್ದೆಯಲ್ಲಿ ಯಂತ್ರ ನೆಲವನ್ನೇ ಬಿಡುತ್ತಿಲ್ಲ. ವೇಗ ಏರಿಸಿ ಕಾಲುಗಳು ಇನ್ನೇನು ಹಗುರಾಗುತ್ತವೆ ಎನ್ನುವಾಗ ಮೂತಿ ರಪ್ಪನೆ ಎಡಕ್ಕೆ ತಿರುಗುತ್ತದೆ. ಬಲಕ್ಕೆ ರಡ್ಡರ್ (ಮೂತಿ ತಿರುಗಿಸುವ ಸ್ಟಿಕ್) ಕೊಟ್ಟಷ್ಟೂ ಎಡಕ್ಕೆ ಸುತ್ತುವುದು ಹೆಚ್ಚುತ್ತದೆ. ಮೂತಿ ತಾನಾಗಿ ತಿರುಗದಂತೆ ತಡೆಯುವ ಗೈರೊ ಹಾಳಾಗಿದೆಯೇ? ಹೊಸದು ತರಿಸಬೇಕೇ?

ಕುವೆಂಪುನಗರ, ಮೈಸೂರು:

ಈಗಲೇ ದುಡ್ಡು ಖರ್ಚು ಮಾಡಬೇಡಿ. ಮೊದಲು ಮೋಟರಿನ ಮೂರು ತಂತಿಗಳಲ್ಲಿ ಎರಡನ್ನು ಬಿಚ್ಚಿಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಈ ಅಳತೆಯ ಯಂತ್ರದ ಬ್ಲೇಡುಗಳು ನಿಮಿಷಕ್ಕೆ 2600 ಸುತ್ತು ತಿರುಗಿದರೆ ಅವುಗಳ ತುದಿಯ ವೇಗ ಗಂಟೆಗೆ ಸುಮಾರು 350 ಕಿ.ಮೀ. ಆಗುತ್ತದೆ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಕೈ ತಾಗಿ ಮೋಟರು ತಿರುಗಿತೆಂದರೆ ಬೆರಳು ಉಳಿಯುವುದಿಲ್ಲ.

ತಂತಿ ಬಿಚ್ಚಿದ ಮೇಲೆ ಬ್ಯಾಟರಿ ಜೋಡಿಸಿ, ಗೈರೊ ತಯಾರಾಗುವ ತನಕ ಯಂತ್ರವನ್ನು ಅಲುಗಿಸದೆ ಬಿಡಿ. ನೋಡಬೇಕಾದ್ದು ಎರಡು ಸಂಗತಿ, ಎರಡೂ ಬೇರೆ ಬೇರೆ. ರಡ್ಡರ್ ಬಲಕ್ಕೆ ಕೊಟ್ಟಾಗ ಮೂತಿ ಬಲಕ್ಕೆ ಹೋಗಬೇಕು, ಅಂದರೆ ಬಾಲ ಎಡಕ್ಕೆ ಹೋಗಬೇಕು. ಅದಕ್ಕೆ ಬಾಲದ ಬ್ಲೇಡುಗಳು ಗಾಳಿಯನ್ನು ಬಲಕ್ಕೆ ತಳ್ಳುವಂತೆ ವಾಲಬೇಕು. ಆಗ ಆ ಬ್ಲೇಡುಗಳನ್ನು ವಾಲಿಸುವ ಬಾಲದ ಸ್ಲೈಡರ್ ಯಾವ ಕಡೆಗೆ ಸರಿಯಿತು ಎಂದು ನೆನಪಿಟ್ಟುಕೊಳ್ಳಿ. ಆಮೇಲೆ ಸ್ಟಿಕ್ ಮುಟ್ಟದೆ ಯಂತ್ರವನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಎಡಕ್ಕೆ ತಟ್ಟನೆ ತಿರುಗಿಸಿ. ಸ್ಲೈಡರ್ ಅದೇ ಕಡೆಗೆ ಸರಿಯಬೇಕು. ವಿರುದ್ಧ ದಿಕ್ಕಿಗೆ ಹೋದರೆ ಗೈರೊ ದಿಕ್ಕು ತಿರುಗುಮುರುಗಾಗಿದೆ, ಸೆಟ್ಟಿಂಗಿನಲ್ಲಿ ಬದಲಾಯಿಸಿದರೆ ಸಾಕು.

ಗೈರೊ ಹೆಡಿಂಗ್ ಹೋಲ್ಡ್‌ನಲ್ಲಿದ್ದಾಗ, ಅಂದರೆ ಮೂತಿಯ ದಿಕ್ಕನ್ನು ಹಿಡಿದಿಡುವ ಸೆಟ್ಟಿಂಗಿನಲ್ಲಿದ್ದಾಗ, ಸ್ಲೈಡರ್ ಮೇಜಿನ ಮೇಲೆ ತಾನಾಗಿಯೇ ಮೆಲ್ಲಗೆ ಒಂದು ಕಡೆಗೆ ಸರಿಯಬಹುದು. ಅದು ದೋಷವಲ್ಲ, ಅದರ ಬೆನ್ನು ಹತ್ತಬೇಡಿ.

ಕಬ್ಬಿನಗದ್ದೆ, ಮಂಡ್ಯ:

ಸರ್, ಹೇಳಿದ ಹಾಗೆಯೇ ಮಾಡಿ ನೋಡಿದೆ. ರಡ್ಡರ್ ದಿಕ್ಕು ಸರಿಯಾಗಿದೆ. ಗೈರೊ ಕೂಡ ಸರಿಯಾದ ಕಡೆಗೇ ಎಳೆಯುತ್ತಿದೆ. ಆದರೂ ಗದ್ದೆಗೆ ಒಯ್ದರೆ ಅದೇ ಕಥೆ.

ಬನ್ನೂರು ರಸ್ತೆ:

ಮೇಜಿನ ಮೇಲೆ ಎಲ್ಲವೂ ಸರಿ, ನೆಲದಲ್ಲಿ ಮಾತ್ರ ತಿರುಗುಮುರುಗು. ಹಾಗಾದರೆ ಬೆಲ್ಟ್ ನೋಡಿ. ಹೊಸ ಬೆಲ್ಟ್ ಎಂದು ನೀವು ಬರೆದಾಗಲೇ ನನಗೆ ಅದರ ಮೇಲೆ ಅನುಮಾನ ಬಂದಿತ್ತು.

ಬಾಲದ ಕೊಳವೆಯೊಳಗೆ ಬೆಲ್ಟ್ ಕಾಲು ಸುತ್ತು ತಿರುಚಿಕೊಂಡು ಹೋಗುತ್ತದೆ. ತಿರುಚಿದ್ದು ತಪ್ಪು ಕಡೆಗಾದರೆ ಬಾಲದ ಬ್ಲೇಡುಗಳು ಹಿಮ್ಮುಖವಾಗಿ ತಿರುಗುತ್ತವೆ. ವಾಲುವ ದಿಕ್ಕು ಸರಿಯಿದ್ದರೂ ಗಾಳಿ ಉಲ್ಟಾ ಕಡೆಗೆ ಹೋಗುತ್ತದೆ. ಮುಖ್ಯ ಬ್ಲೇಡು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ ಯಂತ್ರದ ಮೈ ಎಡಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯಬೇಕಾದ ಬಾಲವೇ ಅದರ ಜೊತೆ ಸೇರಿಕೊಂಡು ತಳ್ಳುತ್ತಿದೆ. ಬಲಕ್ಕೆ ಸ್ಟಿಕ್ ಕೊಟ್ಟಷ್ಟೂ, ಗೈರೊ ತಿದ್ದಲು ಹೋದಷ್ಟೂ ಸುತ್ತು ಹೆಚ್ಚುವುದು ಇದರಿಂದಲೇ.

ಕಂಡುಹಿಡಿಯುವುದು ಸುಲಭ. ಬ್ಯಾಟರಿ ತೆಗೆದಿಡಿ. ಬಾಲದ ಬ್ಲೇಡಿನ ಎರಡೂ ಅಂಚುಗಳನ್ನು ಬೆರಳಿನಿಂದ ಸವರಿ. ಒಂದು ಅಂಚು ದಪ್ಪಗೆ ದುಂಡಾಗಿರುತ್ತದೆ, ಇನ್ನೊಂದು ತೆಳ್ಳಗೆ ಚೂಪಾಗಿರುತ್ತದೆ. ಈಗ ಮುಖ್ಯ ಬ್ಲೇಡನ್ನು ಅದು ಹಾರುವಾಗ ತಿರುಗುವ ದಿಕ್ಕಿನಲ್ಲೇ ಕೈಯಿಂದ ಮೆಲ್ಲಗೆ ತಿರುಗಿಸಿ. ಬಾಲದಲ್ಲಿ ದುಂಡನೆಯ ಅಂಚು ಮುಂದಾಗಿ ಬರಬೇಕು.

ಕಬ್ಬಿನಗದ್ದೆ, ಮಂಡ್ಯ:

ಅಣ್ಣ, ಚೂಪು ಅಂಚೇ ಮುಂದೆ ಬರುತ್ತಿದೆ!

ಬನ್ನೂರು ರಸ್ತೆ:

ಹಾಗಾದರೆ ಸಿಕ್ಕಿತು. ಕೊಳವೆಯನ್ನು ಹಿಡಿದಿರುವ ಸ್ಕ್ರೂಗಳನ್ನು ಸಡಿಲಿಸಿ, ಮುಂಭಾಗದ ಪುಲ್ಲಿಯಿಂದ ಬೆಲ್ಟ್ ಬಿಡಿಸಿ, ಈಗಿರುವ ತಿರುಚನ್ನು ಬಿಚ್ಚಿ ಇನ್ನೊಂದು ಕಡೆಗೆ ಕಾಲು ಸುತ್ತು ತಿರುಚಿ ಹಾಕಿ. ಸ್ಕ್ರೂ ಬಿಗಿ ಮಾಡುವ ಮೊದಲೇ ಅಂಚಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಕೊಳವೆಯನ್ನು ಹಿಂದಕ್ಕೆ ಎಳೆದು ಬೆಲ್ಟ್ ಬಿಗಿ ಮಾಡಬೇಕು. ಸಡಿಲವಾಗಿದ್ದರೆ ಹಲ್ಲು ಜಾರುತ್ತದೆ, ಅತಿ ಬಿಗಿಯಾದರೆ ಬೇರಿಂಗ್ ಹಾಳಾಗುತ್ತದೆ.

ಇನ್ನೊಂದು ಮಾತು. ಗದ್ದೆ ಎಂದಿದ್ದೀರಿ. ಕೊಯ್ದ ಭತ್ತದ ಕೂಳೆಯ ಮೇಲಿಂದ ಎತ್ತಬೇಡಿ. ಒಂದು ಕಾಲು ಕೂಳೆಗೆ ಸಿಕ್ಕಿಕೊಂಡು ಇನ್ನೊಂದು ಎದ್ದರೆ ಯಂತ್ರ ಆ ಕಾಲನ್ನೇ ಆಧಾರ ಮಾಡಿಕೊಂಡು ಮಗುಚಿ ಬೀಳುತ್ತದೆ, ಸ್ಟಿಕ್ಕಿನಿಂದ ತಡೆಯಲು ಸಮಯವೇ ಸಿಗುವುದಿಲ್ಲ. ಒಕ್ಕಣೆ ಮುಗಿದ ಕಣವಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಹುಲ್ಲನ್ನು ಮಾತ್ರ ಚೆನ್ನಾಗಿ ಗುಡಿಸಿ. ಕಣ ಇಲ್ಲದಿದ್ದರೆ ಪ್ಲೈವುಡ್ ಹಲಗೆ ಹಾಸಿಕೊಳ್ಳಿ.

ಕಬ್ಬಿನಗದ್ದೆ, ಮಂಡ್ಯ:

ಎತ್ತಿದೆ! ಮೂತಿ ಅಲುಗಲಿಲ್ಲ, ನೆಟ್ಟಗೆ ಎದ್ದಿತು. ಇಬ್ಬರಿಗೂ ನಾನು ಋಣಿ. ಇನ್ನೊಂದು ತೊಂದರೆ ಉಳಿದಿದೆ. ಸ್ಟಿಕ್ ನಡುವೆ ಇಟ್ಟರೆ ಯಂತ್ರ ಇಡಿಯಾಗಿ ಎಡಕ್ಕೆ ಜಾರುತ್ತದೆ. ಗಾಳಿ ಇರಲಿಲ್ಲ, ಬೆಳಗ್ಗೆ ಎಲೆಯೂ ಆಡುತ್ತಿರಲಿಲ್ಲ. ಪಾದದ ಎತ್ತರದಲ್ಲಿ ಇಟ್ಟರೆ ಎಲ್ಲ ಕಡೆಗೂ ತೂರಾಡುತ್ತದೆ. ಮುಖ್ಯ ಬ್ಲೇಡುಗಳನ್ನು ವಾಲಿಸುವ ಸ್ವಾಶ್‌ಪ್ಲೇಟ್ ಸೊಟ್ಟಗಿದೆಯೇ?

ಕುವೆಂಪುನಗರ, ಮೈಸೂರು:

ಇದು ದೋಷವಲ್ಲ, ಹೆಲಿಕಾಪ್ಟರಿನ ಗುಣ. ಮೂತಿಯನ್ನು ಹಿಡಿದಿಡಲು ಬಾಲದ ಬ್ಲೇಡು ಬಾಲವನ್ನು ಸದಾ ಎಡಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳುವಿಕೆ ಇಡೀ ಯಂತ್ರವನ್ನೂ ಎಡಕ್ಕೆ ಒಯ್ಯುತ್ತದೆ. ಆದ್ದರಿಂದ ಇಂಥ ಯಂತ್ರ ನಿಂತಲ್ಲೇ ನಿಲ್ಲಬೇಕಾದರೆ ತುಸು ಬಲಕ್ಕೆ ವಾಲಿಯೇ ನಿಲ್ಲಬೇಕು. ಆ ವಾಲುವಿಕೆಯನ್ನು ನಿಮ್ಮ ಕೈ ಕೊಡಬೇಕು. ಫ್ಲೈಬಾರ್ (ಮುಖ್ಯ ಬ್ಲೇಡುಗಳಿಗೆ ಅಡ್ಡಲಾಗಿ ಇರುವ ಸ್ಥಿರತೆಯ ಕಡ್ಡಿ) ಇಲ್ಲದ ಯಂತ್ರವಾದರೆ ರಿಮೋಟಿನ ಟ್ರಿಮ್ (ಸ್ಟಿಕ್ಕಿನ ನಡುಬಿಂದುವನ್ನು ತುಸು ಸರಿಸುವ ಗುಂಡಿ) ಮುಟ್ಟಲೇಬೇಡಿ. ಟ್ರಿಮ್ಮನ್ನು ಅಂಥ ಯಂತ್ರ ‘ಬಲಕ್ಕೆ ಉರುಳುತ್ತಲೇ ಇರು’ ಎಂಬ ಆಜ್ಞೆ ಎಂದು ತಿಳಿಯುತ್ತದೆ.

ತೂರಾಡುವುದಕ್ಕೆ ಕಾರಣ ಎತ್ತರ. ನೆಲಕ್ಕೆ ಅಷ್ಟು ಹತ್ತಿರವಿದ್ದಾಗ ಬ್ಲೇಡು ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಮತ್ತೆ ಯಂತ್ರವನ್ನೇ ಕಲಕುತ್ತದೆ. ಕಡಿಮೆ ಎತ್ತರವೇ ಕ್ಷೇಮ ಎಂದು ಹೊಸಬರೆಲ್ಲ ಅಲ್ಲೇ ಒದ್ದಾಡುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕಲಿಯಲು ಅತಿ ಕಷ್ಟದ ಜಾಗವೇ ಅದು. ಎದೆಯ ಎತ್ತರಕ್ಕೆ ಏರಿಸಿ, ಯಂತ್ರ ಶಾಂತವಾಗುತ್ತದೆ. ಯಂತ್ರದ ಕಾಲುಗಳಿಗೆ ಅಡ್ಡಕಡ್ಡಿ ಮತ್ತು ಚೆಂಡುಗಳ ತರಬೇತಿ ಚೌಕಟ್ಟು ಕಟ್ಟಿ. ಹತ್ತು ಹೆಜ್ಜೆಗಿಂತ ಹತ್ತಿರ ನಿಲ್ಲಬೇಡಿ, ಮಕ್ಕಳನ್ನು ನಿಮ್ಮ ಬೆನ್ನ ಹಿಂದೆ ದೂರದಲ್ಲಿ ನಿಲ್ಲಿಸಿ.

ಸರಸ್ವತಿಪುರಂ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನೂ ಕಲಿಯುತ್ತಿದ್ದೇನೆ. ಮೈಸೂರಿನ ಮೈದಾನಗಳಲ್ಲಿ ಹಾರಿಸಬಹುದೇ?

ಕುವೆಂಪುನಗರ, ಮೈಸೂರು:

2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣ ನಮಗೆ ಹತ್ತಿರ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಅನುಮತಿ ಬೇಕಿಲ್ಲದ ಹಸಿರು ವಲಯದಲ್ಲಿದೆಯೇ ಎಂದು ನೋಡಿಯೇ ಹೊರಡಿ.

ಕಬ್ಬಿನಗದ್ದೆ, ಮಂಡ್ಯ:

ಎದೆಯ ಎತ್ತರದಲ್ಲಿ ನಿಲ್ಲುತ್ತಿದೆ ಸರ್, ಬಲಕ್ಕೆ ತುಸು ವಾಲಿಕೊಂಡೇ. ಈಗ ಬಾಲ ಮಾತ್ರ ಎಡಕ್ಕೂ ಬಲಕ್ಕೂ ಬೇಗಬೇಗ ಅದುರುತ್ತಿದೆ.

ಬನ್ನೂರು ರಸ್ತೆ:

ಗೈರೊ ಗೇನ್, ಅಂದರೆ ಗೈರೊ ಎಷ್ಟು ಬಲವಾಗಿ ತಿದ್ದಬೇಕೆಂಬ ಸೆಟ್ಟಿಂಗ್, ಹೆಚ್ಚಾಗಿದೆ. ಅದುರುವುದು ನಿಲ್ಲುವ ತನಕ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬನ್ನಿ. ಇಳಿಸಿದರೂ ನಿಲ್ಲದಿದ್ದರೆ ಸ್ಲೈಡರಿನ ಕಡ್ಡಿ ಎಲ್ಲಾದರೂ ಹಿಡಿಯುತ್ತಿದೆಯೇ ಎಂದು ಕೈಯಿಂದ ಸರಿಸಿ ನೋಡಿ. ಗದ್ದೆಯ ದೂಳು ಮೊದಲು ಕೂರುವುದು ಅಲ್ಲೇ.