ಜಿಯೋಲೈಟ್ ಹಾಕಿದರೂ ಕಾರ್ಬನ್ ಡೈಆಕ್ಸೈಡ್ ಇಳಿದು ಮತ್ತೆ ಏರುತ್ತಿದೆ, ಯಾಕೆ?

ಮುಚ್ಚಿದಪೆಟ್ಟಿಗೆ: ತಲೆ ಕೆಟ್ಟುಹೋಗಿದೆ. ಬಾಹ್ಯಾಕಾಶ ನಿಲ್ದಾಣದ ಗಾಳಿ ಶುದ್ಧಿ ವ್ಯವಸ್ಥೆಯ ಸಣ್ಣ ಮಾದರಿ ಕಟ್ಟಿದ್ದೇನೆ. ಅಕ್ರಿಲಿಕ್ ಪೆಟ್ಟಿಗೆ, ಫ್ಯಾನ್, 13ಎಕ್ಸ್ ಜಿಯೋಲೈಟ್ (ಕಾರ್ಬನ್ ಡೈಆಕ್ಸೈಡ್ ಹೀರುವ ಕಾಳು) ತುಂಬಿದ ಕೊಳವೆ, ಸೆನ್ಸರ್. ಮೊದಲು ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಭಾಗ ಎಂಬ ಅಂಕಿ) ಸರಸರ ಇಳಿಯುತ್ತದೆ, ಆಮೇಲೆ ಅಲ್ಲೇ ನಿಂತು ಮತ್ತೆ ಏರಲು ಶುರು. ಜೋಡಣೆ ಎಲ್ಲಾ ಸರಿ ಇದೆ. ಏನು ಮಾಡಲಿ?

ಬ್ಲೋವರ್‌ಬಲ: ಫ್ಯಾನೇ ಕಾರಣ, ಬೇರೆ ಹುಡುಕಬೇಡಿ. ಕಾಳುಗಳ ಮಧ್ಯೆ ಗಾಳಿ ನುಗ್ಗಿಸಲು ಕಂಪ್ಯೂಟರ್ ಫ್ಯಾನ್ ಸಾಲದು, ಬ್ಲೋವರ್ ಹಾಕಿ. ಕಕ್ಷೆಯಲ್ಲಿ ಬಿಸಿ ಗಾಳಿ ತಾನಾಗಿ ಮೇಲೇರುವುದಿಲ್ಲ. ಫ್ಯಾನ್ ನಿಂತರೆ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ಉಳಿದುಬಿಡುತ್ತದೆ.

ಮುಚ್ಚಿದಪೆಟ್ಟಿಗೆ: ಬ್ಲೋವರ್ ಹಾಕಿದೆ. ಅದೇ ಕಥೆ.

ಬ್ಲೋವರ್‌ಬಲ: ಹಾಗಾದರೆ ಇನ್ನೂ ದೊಡ್ಡದು ಬೇಕು.

ಲಿಥಿಯಂಡಬ್ಬಿ: ಜಿಯೋಲೈಟ್ ಬಿಡಿ ಸರ್, ಲಿಥಿಯಂ ಹೈಡ್ರಾಕ್ಸೈಡ್ ಹಾಕಿ, ಅದೂ ಕಾರ್ಬನ್ ಡೈಆಕ್ಸೈಡ್ ಹೀರುವ ರಾಸಾಯನಿಕವೇ. 1970ರಲ್ಲಿ ಚಂದ್ರನತ್ತ ಹೋಗುವಾಗ ಅಪಘಾತಕ್ಕೀಡಾದ ಅಪೊಲೊ 13ರ ಮೂವರನ್ನು ಉಳಿಸಿದ್ದು ಅದೇ. ಚಂದ್ರನೌಕೆಯ ಚೌಕ ಡಬ್ಬಿಗಳು ನೆನಪಿಲ್ವಾ?

ಕಕ್ಷೆಗೆಳೆಯ: ಉಲ್ಟಾ ಹೇಳಿದಿರಿ. ಚೌಕ ಡಬ್ಬಿ ಮುಖ್ಯ ನೌಕೆಯಾದ ಕಮಾಂಡ್ ಮಾಡ್ಯೂಲ್‌ನದು, ಚಂದ್ರನೌಕೆಯದು ದುಂಡಗಿನದು. ಚೌಕ ಡಬ್ಬಿ ಚಂದ್ರನೌಕೆಗೆ ಹೊಂದದೆ ಇದ್ದದ್ದಕ್ಕೇ ಅಷ್ಟೆಲ್ಲ ಒದ್ದಾಟ. ಮೇಲಾಗಿ ಲಿಥಿಯಂ ಹೈಡ್ರಾಕ್ಸೈಡ್ ಪುಡಿ ಮೂಗು, ಗಂಟಲು ಸುಡುತ್ತದೆ. ಮನೆಯಲ್ಲಿ ಬೇಡವೇ ಬೇಡ.

ಲಿಥಿಯಂಡಬ್ಬಿ: ಆಕಾರ ಯಾವುದಾದರೇನು, ಕೆಲಸ ಮಾಡಿತಲ್ವಾ?

ಜೋಡಿಕೊಳವೆ: ನನ್ನದು ಎರಡು ಕೊಳವೆಯದು. ಒಂದು ಹೀರುತ್ತಿರುವಾಗ ಇನ್ನೊಂದು ಹೀಟರ್‌ನಲ್ಲಿ ಬಿಸಿಯಾಗಿ ಹೀರಿದ್ದನ್ನು ಬಿಡುತ್ತದೆ, ವಾಲ್ವ್‌ಗಳು ತಾವೇ ತಿರುಗುತ್ತವೆ, ಸೊಗಸಾಗಿ ಓಡುತ್ತಿದೆ. ಇರಲಿ, ನೀವು ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ತರುತ್ತಿದ್ದೀರಿ?

ಮುಚ್ಚಿದಪೆಟ್ಟಿಗೆ: ಪೆಟ್ಟಿಗೆಯೊಳಗೇ ಈಸ್ಟ್, ಸಕ್ಕರೆ ನೀರಿನ ಬಾಟಲಿ ಇಟ್ಟಿದ್ದೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಜೋಡಿಕೊಳವೆ: ಅಲ್ಲೇ ಇದೆ ಸಮಸ್ಯೆ! ಆ ಬಾಟಲಿಯಿಂದ ನೀರಾವಿಯೂ ಬರುತ್ತದೆ. 13ಎಕ್ಸ್‌ಗೆ ನೀರಾವಿಯ ಮೇಲೆ ಸೆಳೆತ ಜಾಸ್ತಿ. ತೇವ ಸಿಕ್ಕರೆ ಹಿಡಿದಿಟ್ಟ ಕಾರ್ಬನ್ ಡೈಆಕ್ಸೈಡನ್ನೂ ಬಿಟ್ಟುಕೊಡುತ್ತದೆ, ಅದಕ್ಕೇ ಅಂಕಿ ಮತ್ತೆ ಏರುವುದು. ನಿಲ್ದಾಣದಲ್ಲಿ ನಾಸಾ ಇಟ್ಟ, ಕಾರ್ಬನ್ ಡೈಆಕ್ಸೈಡ್ ತೆಗೆಯುವ ಸಿಡಿಆರ್‌ಎ ಯಂತ್ರದಲ್ಲಿ ಹೀರುವ ಕಾಳು ತುಂಬಿದ ನಾಲ್ಕು ಹಾಸುಗಳಿವೆ. ಎರಡು ತೇವ ಹೀರಲು, ಎರಡು ಕಾರ್ಬನ್ ಡೈಆಕ್ಸೈಡ್ ಹೀರಲು. ಒಣಗಿಸಿದ ಗಾಳಿ ಮಾತ್ರ ಮುಂದಕ್ಕೆ ಹೋಗುತ್ತದೆ. ನೀವೂ ಜಿಯೋಲೈಟ್‌ಗಿಂತ ಮೊದಲು ತೇವ ಹೀರುವ ಸಿಲಿಕಾ ಜೆಲ್ ಕೊಳವೆ ಸೇರಿಸಿ. ಈಗಿರುವ ಜಿಯೋಲೈಟನ್ನು 250 ಡಿಗ್ರಿಯಲ್ಲಿ ಚೆನ್ನಾಗಿ ಕಾಯಿಸಿ, ಗಾಳಿ ಸೋಕದ ಲೋಹದ ಡಬ್ಬಿಯಲ್ಲಿ ಆರಲು ಬಿಡಿ. ಸುಮ್ನೆ ತೆರೆದಿಟ್ಟರೆ ಕೋಣೆಯ ತೇವವನ್ನೇ ಕುಡಿಯುತ್ತದೆ.

ಕಕ್ಷೆಗೆಳೆಯ: ಸೆನ್ಸರ್‌ನಲ್ಲಿ ತಾನಾಗಿ ಸರಿಪಡಿಸಿಕೊಳ್ಳುವ ಆಯ್ಕೆ ಇದ್ದರೆ ಆಫ್ ಮಾಡಿ. ಅದು ಕಂಡ ಅತಿ ಕಡಿಮೆ ಮಟ್ಟವನ್ನೇ ಹೊರಗಿನ ಗಾಳಿ ಎಂದುಕೊಂಡು 400 ಪಿಪಿಎಂ ಅಂತ ಹಿಡಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಮುಚ್ಚಿದಪೆಟ್ಟಿಗೆ: ಸರಿ, ಬಾಟಲಿ ಹೊರಗಿಟ್ಟು, ಸಿಲಿಕಾ ಜೆಲ್ ದಾಟಿಸಿ ಗಾಳಿ ಬಿಡುತ್ತೇನೆ. ಜೆಲ್ ನೆನೆದದ್ದು ಗೊತ್ತಾಗುವುದು ಹೇಗೆ?

ಬ್ಲೋವರ್‌ಬಲ: ಇನ್ನೊಂದು ಕೊಳವೆ ಸೇರಿದರೆ ತಡೆ ಜಾಸ್ತಿ ಆಗುತ್ತದೆ. ಬ್ಲೋವರ್ ಎಷ್ಟು ವ್ಯಾಟ್‌ನದು ಅಂತ ಇನ್ನೂ ಹೇಳಲಿಲ್ಲ ನೀವು.