ಎಐ ‘ಹೇಳಿತು’, ‘ಹೇಳಿದಳು’, ‘ಹೇಳಿದರು’: ನಿಮ್ಮ ಕಡೆ ಬಳಕೆ ಹೇಗಿದೆ?

ಎಲ್ಲರಿಗೂ ನಮಸ್ಕಾರ.

ಎಐಗೆ ಕನ್ನಡದಲ್ಲಿ ಏನು ಹೆಸರಿಡಬೇಕು ಅನ್ನುವ ಚರ್ಚೆ ಬೇಕಾದಷ್ಟು ಆಗಿದೆ. ನಾನು ಕೇಳುತ್ತಿರುವುದು ಅದಲ್ಲ. ಅದರ ಜೊತೆ ಮಾತಾಡುವಾಗ, ಅದು ಆಡಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ನೀವು ಯಾವ ವಿಭಕ್ತಿ ಬಳಸುತ್ತೀರಿ, ಕ್ರಿಯಾಪದವನ್ನು ಹೇಗೆ ಮುಗಿಸುತ್ತೀರಿ, ನೀನು ಅನ್ನುತ್ತೀರೋ ನೀವು ಅನ್ನುತ್ತೀರೋ, ಇದು ನನ್ನ ಪ್ರಶ್ನೆ.

ಮೊದಲು ವಿಭಕ್ತಿ. ನಿಘಂಟಿನಲ್ಲಿ ನೋಡಿದೆ, ಗೂಗಲ್‌ನಲ್ಲಿ ಹುಡುಕಿದೆ ಅನ್ನುತ್ತೇವೆ. ಡಾಕ್ಟರ ಹತ್ರ ಕೇಳಿದೆ, ಅಪ್ಪನ್ನ ಕೇಳಿದೆ ಅನ್ನುತ್ತೇವೆ. ವಸ್ತುವಾದರೆ ‘ಅಲ್ಲಿ’ ಹಚ್ಚಿ ನೋಡುತ್ತೇವೆ. ಮನುಷ್ಯರಾದರೆ ‘ಹತ್ರ’ ಅಥವಾ ‘ಅನ್ನು’ ಹಚ್ಚಿ ಕೇಳುತ್ತೇವೆ. ಈಗ ಕಿವಿಗೆ ಬೀಳುತ್ತಿರುವುದು ಏನು? “ಚಾಟ್‌ಜಿಪಿಟಿ ಹತ್ರ ಕೇಳು.” “ಚಾಟ್‌ಜಿಪಿಟಿನ ಕೇಳ್ದೆ, ಹಿಂಗಂತು.” “ಚಾಟ್‌ಜಿಪಿಟಿಯಲ್ಲಿ ನೋಡಿದೆ” ಅನ್ನುವವರೂ ಇದ್ದಾರೆ, ಆದರೆ ನನಗೆ ಅದು ಕೇಳಿಸುವುದು ಕಡಿಮೆ. 2022ರ ನವೆಂಬರ್ ಕೊನೆಗೆ ಬಂದದ್ದು ಅದು. ಇಷ್ಟು ಬೇಗ ವಸ್ತುವಿನ ಸಾಲಿನಿಂದ ಮನುಷ್ಯರ ಸಾಲಿಗೆ ದಾಟಿಬಿಟ್ಟಿದೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನಾಲಿಗೆ ತಾನೇ ದಾಟಿಸಿದೆ.

ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ, ನಿಜ. ಮಂಗಳೂರು, ಉಡುಪಿ ಕಡೆ “ಅವರಲ್ಲಿ ಕೇಳಿ” ಅನ್ನುವುದು ರೂಢಿ. ಅಲ್ಲಿ ಮನುಷ್ಯರಿಗೂ ‘ಅಲ್ಲಿ’ಯೇ. ಅವರ ಮಾತಿನಲ್ಲಿ ವಿಭಕ್ತಿ ಬಿಟ್ಟು, ‘ನೋಡಿದೆ’ ಅಂದರೋ ‘ಕೇಳಿದೆ’ ಅಂದರೋ ಎಂದು ಗಮನಿಸಬೇಕು. ಧಾರವಾಡದ ಕಡೆಯವರು ‘ಎಐಗೆ ಕೇಳಿದೆ’ ಅನ್ನಬಹುದು.

ಇನ್ನು ಕ್ರಿಯಾಪದ. ಕನ್ನಡದಲ್ಲಿ ಲಿಂಗ ನಿಲ್ಲುವುದು ಅರ್ಥದ ಮೇಲೆ. ಗಂಡಸಾದರೆ ಬಂದ, ಹೆಂಗಸಾದರೆ ಬಂದಳು, ಉಳಿದದ್ದಕ್ಕೆ ಬಂತು. ಕೇಶಿರಾಜ 13ನೇ ಶತಮಾನದಲ್ಲಿ ವ್ಯಾಕರಣ ಬರೆದಾಗಲೂ ಇದೇ ಲೆಕ್ಕ. ಆದರೆ ಬಳಕೆ ಗೆರೆ ಹೊಡೆದ ಹಾಗೆ ಇರುವುದಿಲ್ಲ, ಅಲ್ವಾ? ಮಗು ಮನುಷ್ಯನೇ, ಆದರೂ ‘ಮಗು ಅತ್ತಿತು’. ಸೂರ್ಯ ಮನುಷ್ಯನಲ್ಲ, ಆದರೂ ‘ಸೂರ್ಯ ಮುಳುಗಿದ’. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ನಡೆಯುತ್ತದೆ, ಅದರಲ್ಲಿ ಕೀಳುಮಾಡುವುದು ಏನೂ ಇಲ್ಲ. ಹಾಗಾಗಿ ‘ಎಐ ಹೇಳಿತು’ ಅಂದರೆ ತುಚ್ಛ ಮಾಡಿದಂತೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ದನಿ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಫೋನಿನ ರೆಕಾರ್ಡಿಂಗ್ ಕೇಳಿ “ಸ್ವಿಚ್ ಆಫ್ ಅಂತಾಳೆ” ಅನ್ನುವುದು ಹಳೆಯ ರೂಢಿ. ಕಾರಿನಲ್ಲಿ ಮ್ಯಾಪ್ ಹಾಕಿದರೆ “ಎಡಕ್ಕೆ ಅಂದ್ಲು, ನೀನು ನೇರ ಹೋದೆ” ಅಂತ ಜಗಳ. ಟೈಪ್ ಮಾಡಿ ಕೇಳಿದಾಗ ‘ಹೇಳ್ತು’ ಅಂದವರೇ, ಅದೇ ಆ್ಯಪ್ ಹೆಣ್ಣು ದನಿಯಲ್ಲಿ ಮಾತಾಡಿದರೆ ‘ಹೇಳಿದ್ಲು’ ಅನ್ನುತ್ತಾರೆ.

ಎಐ ತನ್ನ ಬಗ್ಗೆ ಮಾತಾಡುವಾಗ ಕನ್ನಡ ಅದಕ್ಕೆ ಒಂದು ಕಷ್ಟ ತಪ್ಪಿಸಿದೆ. ಹಿಂದಿಯಲ್ಲಿ ‘ಕರ್ ಸಕ್ತಾ ಹೂಂ’ ಅನ್ನಬೇಕೋ ‘ಕರ್ ಸಕ್ತೀ ಹೂಂ’ ಅನ್ನಬೇಕೋ, ಬಾಯಿ ತೆರೆಯುವ ಮೊದಲೇ ಆರಿಸಿಕೊಳ್ಳಬೇಕು. ಕನ್ನಡದಲ್ಲಿ ‘ಮಾಡುತ್ತೇನೆ’ ಅಂದರೆ ಮುಗಿಯಿತು. ಗಂಡೋ ಹೆಣ್ಣೋ ವಸ್ತುವೋ ಅಂತ ಆರಿಸುವ ಕೆಲಸ ಪೂರ್ತಿ ನಮ್ಮ ಪಾಲಿಗೆ ಬಂದಿದೆ.

ಈ ಆಯ್ಕೆ ಯಾಕೆ ಮುಖ್ಯ ಅಂದರೆ, ನಮ್ಮ ಸೋದರತ್ತೆಯ ಮಾತನ್ನೇ ನೋಡಿ. ಹಾವೇರಿ ಕಡೆಯವರು. ಮೊಮ್ಮಗನ ಫೋನ್ ಹಿಡಿದು ಮೊಣಕಾಲು ನೋವಿನ ಬಗ್ಗೆ ಎಐ ಹತ್ರ ಕೇಳುತ್ತಿದ್ದರು. “ಸ್ವಲ್ಪ ನೋಡಿ ಹೇಳ್ರಿ” ಅಂತಲೇ ಶುರು. (ಪ್ಲೀಸ್ ಮಾಡುವ ಕೆಲಸವನ್ನು ನಮ್ಮಲ್ಲಿ ಈ ‘ಸ್ವಲ್ಪ’ ಮಾಡುತ್ತದೆ. ‘ದಯವಿಟ್ಟು’ ಬೋರ್ಡುಗಳಿಗೆ ಸರಿ.) ಆಮೇಲೆ ಅಡುಗೆಮನೆಗೆ ಬಂದು ಸೊಸೆಗೆ ಹೇಳಿದ್ದು, “ಮೆಟ್ಟಲಾ ಹತ್ತಬ್ಯಾಡ್ರಿ ಅಂದ್ರು.” ಈ ‘ಅಂದ್ರು’ ಡಾಕ್ಟರಿಗೆ ಸಲ್ಲುವ ‘ಅಂದ್ರು’. ಅದನ್ನು ಕೇಳಿದ ಸೊಸೆ, ಯಾವ ಡಾಕ್ಟರ್ ಅಂತ ಕೇಳಿದರು. ಅತ್ತೆ ಮರ್ಯಾದೆಯಿಂದ ಮಾತಾಡಿಸಿದ್ದರಲ್ಲಿ ತಪ್ಪೇನೂ ಇಲ್ಲ, ಅದು ಅವರ ನಡತೆ. ಆದರೆ ಮಾತು ಮುಂದೆ ದಾಟುವಾಗ ಆ ಬಹುವಚನದ ಜೊತೆ ನಂಬಿಕೆಯೂ ದಾಟುತ್ತದೆ. ಔಷಧದ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಇಂಥ ಕಡೆ ಕೈಗೆ ಬರುವಂಥದ್ದು ಕನ್ನಡದಲ್ಲಿ ಒಂದಿದೆ: ‘ಅಂತೆ’. ‘ಮಳೆ ಬರುತ್ತೆ’ ಬೇರೆ, ‘ಮಳೆ ಬರುತ್ತಂತೆ’ ಬೇರೆ. ಎರಡನೆಯದು ಕೇಳಿದ ಮಾತು, ನಾನು ಕಂಡದ್ದಲ್ಲ. ಪಕ್ಕದ ಮನೆಯವರ ಸುದ್ದಿ ಹೇಳುವಾಗ ‘ಅಂತೆ’ ತಪ್ಪಿಸದ ಜನ, ಎಐ ಹೇಳಿದ್ದನ್ನು ಹೇಳುವಾಗ ಅದನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತಿದೆ. ಪದಗಳ ಮೂಲದ ಬಗ್ಗೆ ಬರುವ ಬರಹಗಳಲ್ಲೂ ಇದು ಕಾಣುತ್ತದೆ. “ಈ ಪದ ಪ್ರಾಕೃತದಿಂದ ಬಂದಿದೆ” ಅಂತಿರುತ್ತದೆ. ಎಲ್ಲಿಂದ ತಿಳಿಯಿತು ಅಂತ ಕೇಳಿದರೆ, ಎಐ ಅಂತಾರೆ. ಎಐ ಕೂಡ ತನ್ನ ಕನ್ನಡದಲ್ಲಿ ‘ಅಂತೆ’ ಬಳಸಿದ್ದನ್ನು ನಾನು ಕಂಡದ್ದು ಅಪರೂಪ. ಅದಕ್ಕೆ ಪ್ರೀತಿಯ ಪದ ‘ಆಗಿದೆ’. ‘ಇದು ಪ್ರಮುಖ ಕಾರಣವಾಗಿದೆ’, ‘ಇದು ಪ್ರಸಿದ್ಧ ತಿನಿಸಾಗಿದೆ’. ‘ಇದೇ ಮುಖ್ಯ ಕಾರಣ’ ಅಂದರೆ ಸಾಕಾಗುವ ಕಡೆಯೂ ‘ಆಗಿದೆ’.

ಮನುಷ್ಯ ಯಂತ್ರದ ಮಾತಿಗೆ ಮನಸ್ಸು ಕೊಡುವುದು ಹೊಸದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಎಲೈಜಾ ಅನ್ನುವ ಪ್ರೋಗ್ರಾಮಿನ ಬಗ್ಗೆ ಬರೆದರು. ಮನೋವೈದ್ಯರ ಧಾಟಿಯಲ್ಲಿ ಪ್ರಶ್ನೆ ಕೇಳುವ ಪ್ರೋಗ್ರಾಮು. ನಾವು ಬರೆದ ವಾಕ್ಯದಲ್ಲಿ ‘ನನ್ನ’ ಇದ್ದ ಕಡೆ ‘ನಿಮ್ಮ’ ಹಾಕಿ ತಿರುಗಿ ಕೇಳುತ್ತಿತ್ತು, ಅದರ ಕೆಲಸ ಹೆಚ್ಚುಕಡಿಮೆ ಅಷ್ಟೇ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಒಂದೆರಡು ಮಾತಾಡಿದ ಮೇಲೆ, ನೀವು ಸ್ವಲ್ಪ ಹೊರಗೆ ಹೋಗಿ ಅಂದರಂತೆ. ಇಂಗ್ಲಿಷಿನ ‘ಯೂ’ ಒಂದೇ ಆದ್ದರಿಂದ ಎಲೈಜಾ ಸಲೀಸಾಗಿ ದಾಟಿಕೊಂಡಿತು. ಕನ್ನಡದ ಎಲೈಜಾ ಆಗಿದ್ದರೆ, ‘ನನ್ನ ಅಮ್ಮ’ ಅಂದವರಿಗೆ ‘ನಿನ್ನ ಅಮ್ಮ’ ಅನ್ನಲೋ ‘ನಿಮ್ಮ ಅಮ್ಮ’ ಅನ್ನಲೋ ಅಂತ ಮೊದಲ ಮಾತಿಗೇ ಆರಿಸಬೇಕಿತ್ತು. ಯಾವುದನ್ನು ಆರಿಸಿದರೂ ಒಂದು ಸಂಬಂಧ ಹುಟ್ಟಿಬಿಡುತ್ತಿತ್ತು.

ಈಗಿನ ಎಐ ನಮಗೆ ಸಾಮಾನ್ಯವಾಗಿ ‘ನೀವು’ ಅನ್ನುತ್ತದೆ. ನಾವು ಅದಕ್ಕೆ ಏನನ್ನಬೇಕು? ‘ನೀನು’ ಕನ್ನಡದಲ್ಲಿ ಸುಮ್ನೆ ಚಿಕ್ಕವರಿಗೆ ಹೇಳುವ ಮಾತಲ್ಲ. ವಚನಕಾರರು ದೇವರಿಗೂ ನೀನು ಅಂದರು. ನಾವು ಅಮ್ಮನಿಗೆ ಅನ್ನುತ್ತೇವೆ, ಹಟ್ಟಿಯ ಹಸುವಿಗೂ ಅನ್ನುತ್ತೇವೆ. ನಾನು ಗಮನಿಸಿದ ಹಾಗೆ ಬಹಳ ಜನ ಎರಡನ್ನೂ ತಪ್ಪಿಸುತ್ತಾರೆ. “ರಜೆ ಅರ್ಜಿ ಬೇಕು” ಅಂತಾರೆ, “ಇದರ ಅರ್ಥ ಏನು” ಅಂತಾರೆ. ಸರ್ವನಾಮವೂ ಇಲ್ಲ, ‘ಬರೆ’ಯೂ ಇಲ್ಲ, ‘ಬರೆಯಿರಿ’ಯೂ ಇಲ್ಲ. ಹೊಸದಾಗಿ ಪರಿಚಯವಾದ, ವಯಸ್ಸು ಗೊತ್ತಾಗದವರ ಜೊತೆಗೂ ನಾವು ಮಾಡುವುದು ಇದನ್ನೇ.

ಬರವಣಿಗೆಯಲ್ಲಿ ನನ್ನ ಒಲವು ಹೀಗಿದೆ. ‘ಹತ್ರ ಕೇಳಿದೆ’ ಇರಲಿ, ಅದು ಜನರ ಬಾಯಲ್ಲಿ ಕೂತಾಗಿದೆ. ಕ್ರಿಯಾಪದ ‘ಹೇಳಿತು’ ಅಂತಲೇ ಇರಲಿ. ಅದು ಹೇಳಿದ್ದನ್ನು ಬೇರೆ ಕಡೆ ನೋಡಿ ಖಚಿತ ಮಾಡಿಕೊಳ್ಳುವ ತನಕ ‘ಅಂತೆ’ ಬಿಡಬಾರದು.

ನಿಮ್ಮ ಕಡೆಯ ಬಳಕೆ ತಿಳಿಸಿ. ಮುಖ್ಯವಾಗಿ ಟೈಪ್ ಮಾಡದೆ ಬಾಯಲ್ಲೇ ಎಐ ಜೊತೆ ಮಾತಾಡುವ ಹಿರಿಯರು ಮತ್ತು ಚಿಕ್ಕ ಮಕ್ಕಳು ಅದಕ್ಕೆ ಏನನ್ನುತ್ತಾರೆ, ಆಮೇಲೆ ಮನೆಯವರ ಹತ್ರ ಅದರ ಬಗ್ಗೆ ಹೇಗೆ ಹೇಳುತ್ತಾರೆ ಅನ್ನುವುದು ಬೇಕು. ಅವರು ಆಡಿದ ವಾಕ್ಯವನ್ನು ತಿದ್ದದೆ, ಆಡಿದ ಹಾಗೇ ಬರೆಯಿರಿ. ಊರು ಅಥವಾ ಜಿಲ್ಲೆಯ ಹೆಸರೂ ಜೊತೆಗಿರಲಿ. ಅರೆಭಾಷೆ, ಕುಂದಾಪುರ, ಹವ್ಯಕ, ಸೋಲಿಗರ ಮಾತಿನ ಉದಾಹರಣೆ ಯಾರ ಹತ್ರ ಇದ್ದರೂ ಖಂಡಿತ ಬರೆಯಿರಿ.